ಪಿಸ್ತೂಲಿಗಿಂತ ಮಜೂರಿ ಹೆಚ್ಚು: 1,900 ಡಾಲರಿಗೆ ನನಗೆ ದಕ್ಕಿದ್ದೇನು

ಅಮೆರಿಕದ ಓಹಾಯೊ ರಾಜ್ಯದ ಗನ್‌ಸ್ಮಿತ್ (ಬಂದೂಕುಗಳ ಕೈಕೆಲಸ ಮಾಡುವ ಕುಶಲಿ) ಒಬ್ಬರು ನನ್ನ ಪಿಸ್ತೂಲಿನ ಮೇಲೆ ಎರಡು ಕಂತಿನಲ್ಲಿ ಮಾಡಿದ ಕೈಕೆಲಸಕ್ಕೆ ನಾನು ಕೊಟ್ಟ ಹಣ 1,900 ಡಾಲರ್. ಅದೇ ಪಿಸ್ತೂಲನ್ನು ಅಂಗಡಿಯಲ್ಲಿ ಹೊಸದಾಗಿ ಕೊಂಡಾಗ ತೆತ್ತದ್ದು 900 ಡಾಲರ್. ಚಿನ್ನಕ್ಕಿಂತ ಮಜೂರಿಯೇ ಎರಡು ಪಟ್ಟಾಯಿತಲ್ಲ ಎಂದು ಮನೆಯಲ್ಲಿ ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಕೆಲಸಕ್ಕೆ ಮೊದಲು, ಮೊದಲ ಕಂತಿನ ನಂತರ, ಎರಡನೆಯ ಕಂತಿನ ನಂತರ ಹೀಗೆ ಮೂರು ಹಂತಗಳಲ್ಲಿ ಸ್ಪರ್ಧೆಯ ಅಂಕಗಳನ್ನು ಬರೆದಿಟ್ಟುಕೊಂಡಿದ್ದರಿಂದ ಈಗ ಉತ್ತರ ಹೇಳಬಲ್ಲೆ: ಆ ಹಣದ ಚಿಕ್ಕದೊಂದು ಪಾಲು ಪೂರ್ತಿ ಸಾರ್ಥಕವಾಯಿತು, ದೊಡ್ಡ ಪಾಲು ನನ್ನ ಮಟ್ಟದ ಗುರಿಕಾರನಿಗೆ ಅವಸರದ ಖರ್ಚಾಯಿತು.

ಪಿಸ್ತೂಲು 1911 ಮಾದರಿಯದು, .45 ಗುಂಡಿನದು (ಅಂದರೆ ಗುಂಡಿನ ವ್ಯಾಸ ಸುಮಾರು 0.45 ಇಂಚು). ಜಾನ್ ಬ್ರೌನಿಂಗ್ ರೂಪಿಸಿದ ಈ ವಿನ್ಯಾಸವನ್ನು ಅಮೆರಿಕದ ಸೇನೆ 1911ರಲ್ಲಿ ಸ್ವೀಕರಿಸಿ 1985ರವರೆಗೆ ತನ್ನ ಮುಖ್ಯ ಪಿಸ್ತೂಲಾಗಿ ಇಟ್ಟುಕೊಂಡಿತ್ತು. ಕೆಸರು ಮರಳಿನ ನಡುವೆಯೂ ನಡೆಯಬೇಕು, ಒಂದು ಕಾರ್ಖಾನೆಯ ಬಿಡಿಭಾಗ ಇನ್ನೊಂದು ಕಾರ್ಖಾನೆಯ ಪಿಸ್ತೂಲಿಗೆ ಕೂಡಬೇಕು ಎಂಬುದು ಸೇನೆಯ ಅಗತ್ಯವಾಗಿದ್ದರಿಂದ ಭಾಗಗಳ ನಡುವೆ ಉದ್ದೇಶಪೂರ್ವಕವಾಗಿಯೇ ಸಡಿಲ ಬಿಟ್ಟಿದ್ದರು. ಗುರಿ ಸ್ಪರ್ಧೆಗೆ ಆ ಸಡಿಲವೇ ಶತ್ರು. 1907ರಿಂದ ರಾಷ್ಟ್ರೀಯ ಸ್ಪರ್ಧೆಗಳು ನಡೆದುಬಂದಿರುವ ಈರಿ ಸರೋವರದ ದಡದ ಕ್ಯಾಂಪ್ ಪೆರ್ರಿಗೆ ಹೋದರೆ, ಈ ಸಡಿಲವನ್ನು ಅರದಿಂದ ಉಜ್ಜಿ, ಹೊಂದಿಸಿ ಕಳೆದ ಪಿಸ್ತೂಲುಗಳನ್ನು ಸಾಲಾಗಿ ಕಾಣಬಹುದು. ನಾನು ಆಡುವ ಬುಲ್ಸ್‌ಐ ಸ್ಪರ್ಧೆಯಲ್ಲಿ ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು 50 ಗಜ ದೂರಕ್ಕೆ ಹತ್ತು ನಿಮಿಷದಲ್ಲಿ ಹತ್ತು ಗುಂಡು, 25 ಗಜಕ್ಕೆ ಇಪ್ಪತ್ತು ಸೆಕೆಂಡಿನಲ್ಲಿ ಐದು ಗುಂಡನ್ನು ಎರಡು ಸಲ, ಹತ್ತು ಸೆಕೆಂಡಿನಲ್ಲಿ ಐದು ಗುಂಡನ್ನು ಎರಡು ಸಲ ಹಾರಿಸಬೇಕು. 50 ಗಜದ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 3.36 ಇಂಚು. (ಈ ದೇಶಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಒಂದು ಮಾತು: ಎಚ್-1ಬಿ ವೀಸಾದಲ್ಲಿರುವವರು, ಬೇಟೆಯ ಪರವಾನಗಿಯಂಥ ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬಂದೂಕು ಇಟ್ಟುಕೊಳ್ಳುವುದು ಫೆಡರಲ್ ಕಾನೂನಿಗೆ ವಿರುದ್ಧ. ನಾನು ಗ್ರೀನ್ ಕಾರ್ಡ್ ಕೈಗೆ ಬಂದ ಮೇಲೆಯೇ ಕೊಂಡದ್ದು.)

ಮೊದಲ ಕಂತಿನಲ್ಲಿ ಮಾಡಿಸಿದ್ದು ಟ್ರಿಗರ್ ಕೆಲಸ ಮಾತ್ರ. ಹೊಸ ಹ್ಯಾಮರ್ (ಗುಂಡು ಹಾರಿಸಲು ಬಡಿಯುವ ಸುತ್ತಿಗೆ) ಮತ್ತು ಸಿಯರ್ (ಟ್ರಿಗರ್ ಎಳೆಯುವವರೆಗೆ ಅದನ್ನು ತಡೆದಿಡುವ ತುಣುಕು) ಸೇರಿ 220 ಡಾಲರ್ ಆಯಿತು, ಆರು ವಾರದಲ್ಲಿ ಕೈಸೇರಿತು. ಕಾರ್ಖಾನೆಯಿಂದ ಬಂದಾಗ ನನ್ನ ಟ್ರಿಗರ್ ಎಳೆಯಲು ಐದೂವರೆ ಪೌಂಡು, ಅಂದರೆ ಸುಮಾರು ಎರಡೂವರೆ ಕಿಲೋ ಬಲ ಬೇಕಿತ್ತು. ಪಿಸ್ತೂಲಿನ ತೂಕವೇ ಸುಮಾರು 1.1 ಕಿಲೋ. ಚಾಚಿದ ಒಂದೇ ಕೈಯಲ್ಲಿ ಹಿಡಿದ ವಸ್ತುವನ್ನು ಅದರ ಎರಡು ಪಟ್ಟು ತೂಕದಷ್ಟು ಬಲದಿಂದ ಬೆರಳಲ್ಲಿ ಎಳೆಯುತ್ತ ಅದು ಅಲುಗಬಾರದೆಂದು ಬಯಸುವುದು ಎಷ್ಟು ಕಷ್ಟವೆಂದು ಹಾಗೆ ಮಾಡಿದವರಿಗೇ ಗೊತ್ತು. ಸ್ಪರ್ಧೆಯ ನಿಯಮದ ಪ್ರಕಾರ .45 ಪಿಸ್ತೂಲಿನ ಟ್ರಿಗರ್ ತನಗೆ ತೂಗುಹಾಕಿದ ಕನಿಷ್ಠ ಮೂರೂವರೆ ಪೌಂಡಿನ ತೂಕವನ್ನು ಹ್ಯಾಮರ್ ಬೀಳದಂತೆ ಎತ್ತಬೇಕು. ನಮ್ಮ ಗನ್‌ಸ್ಮಿತ್ ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲಿಸಿಕೊಟ್ಟರು. ತೂಕಕ್ಕಿಂತ ಮುಖ್ಯವಾದದ್ದು, ಬೆರಳಿನಡಿಯಲ್ಲಿ ಮೊದಲು ತರಿತರಿಯಾಗಿ ಜಾರುತ್ತಿದ್ದ ಎಳೆತ ಈಗ ಗಾಜಿನ ಕಡ್ಡಿ ಮುರಿದಂತೆ ಒಮ್ಮೆಲೇ ಬಿಡುತ್ತದೆ.

ಇದನ್ನು ಮನೆಯಲ್ಲೇ ಮಾಡಿಕೊಳ್ಳಬಹುದಲ್ಲ ಎಂದು ಹಲವರು ಕೇಳುತ್ತಾರೆ. ಹ್ಯಾಮರ್ ಅನ್ನು ಹಿಡಿದಿಡುವ ಕೊಕ್ಕೆಯ ಎತ್ತರ ಸುಮಾರು ಅರ್ಧ ಮಿಲಿಮೀಟರ್. ಅದರ ಮೇಲೆ ಸಿಯರ್ ಕೂರುವ ಕೋನ ತುಸು ತಪ್ಪಿದರೆ, ಸ್ಲೈಡ್ (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಸರಿಯುವ ಭಾಗ) ಮುಚ್ಚಿಕೊಂಡ ರಭಸಕ್ಕೇ ಹ್ಯಾಮರ್ ಬೀಳಬಹುದು, ಒಮ್ಮೆ ಎಳೆದದ್ದಕ್ಕೆ ಎರಡು ಗುಂಡು ಹಾರಬಹುದು. ನಮ್ಮ ಕ್ಲಬ್ಬಿನಲ್ಲಿ ಹಾಗೆ ಹಾರಿದ್ದನ್ನು ನಾನೇ ಕಂಡಿದ್ದೇನೆ. ಯಾರಿಗೂ ಏನೂ ಆಗಲಿಲ್ಲ, ಆದರೆ ಆ ದಿನದಿಂದ 220 ಡಾಲರ್ ನನಗೆ ದುಬಾರಿ ಎನ್ನಿಸಿಲ್ಲ. ಕೆಲಸಕ್ಕೆ ಮೊದಲು 50 ಗಜದಲ್ಲಿ ನೂರಕ್ಕೆ 74ರ ಸುಮಾರಿನಲ್ಲಿದ್ದ ನನ್ನ ಸರಾಸರಿ ಒಂದು ಬೇಸಿಗೆಯಲ್ಲಿ 80 ದಾಟಿತು. ಹತ್ತು ಸೆಕೆಂಡಿನ ಸುತ್ತಿನಲ್ಲಿ 85 ಇದ್ದದ್ದು 91 ಆಯಿತು.

ಎರಡನೆಯ ಕಂತಿನ ಮುಖ್ಯ ಕೆಲಸ ನಳಿಗೆಯದು, 640 ಡಾಲರ್. ಈ ಮಾದರಿಯಲ್ಲಿ ಗುಂಡು ಹಾರಿದಾಗ ನಳಿಗೆಯೂ ಸ್ಲೈಡೂ ಒಂದಕ್ಕೊಂದು ಕಚ್ಚಿಕೊಂಡೇ ಹಿಂದೆ ಸರಿಯುತ್ತವೆ. ಆಮೇಲೆ ನಳಿಗೆಯ ಹಿಂಭಾಗ ಕೆಳಗಿಳಿದು ಕಚ್ಚು ಬಿಡುತ್ತದೆ, ಸ್ಲೈಡ್ ಖಾಲಿ ತೋಟೆಯನ್ನು ಎಸೆದು, ಹೊಸದನ್ನು ತಳ್ಳಿಕೊಂಡು ಮರಳಿ ಬಂದು ನಳಿಗೆಯನ್ನು ಮತ್ತೆ ಕಚ್ಚಿಕೊಳ್ಳುತ್ತದೆ. ನಾವು ಗುರಿ ನೋಡುವ ಸೈಟ್‌ಗಳು ಇರುವುದು ಸ್ಲೈಡಿನ ಮೇಲೆ, ನಳಿಗೆಯ ಮೇಲಲ್ಲ. ಆದ್ದರಿಂದ ಪ್ರತಿ ಸಲವೂ ನಳಿಗೆ ಸ್ಲೈಡಿನೊಳಗೆ ಅದೇ ಜಾಗಕ್ಕೆ ಬಂದು ಕೂರದಿದ್ದರೆ ಎಷ್ಟು ಸರಿಯಾಗಿ ಗುರಿಯಿಟ್ಟರೂ ಗುಂಡು ಬೇರೆಡೆ ಹೋಗುತ್ತದೆ. ಸ್ಪರ್ಧೆಯ ನಳಿಗೆಯನ್ನು ಬೇಕೆಂದೇ ಅಳತೆಗಿಂತ ದಪ್ಪವಾಗಿ ಮಾಡಿರುತ್ತಾರೆ. ಬಣ್ಣ ಸವರಿ ಎಲ್ಲಿ ತಾಗುತ್ತದೆಂದು ನೋಡಿ, ಅಲ್ಲಿ ಒಂದೆರಡು ಬಾರಿ ಅರ ಆಡಿಸಿ, ಮತ್ತೆ ಜೋಡಿಸಿ ನೋಡುವ ಕೆಲಸವನ್ನು ಗಂಟೆಗಟ್ಟಲೆ ಮಾಡಬೇಕು. ಹೆಚ್ಚು ಉಜ್ಜಿದರೆ ಆ ನಳಿಗೆ ಗುಜರಿಗೆ. ಮಜೂರಿ ಹೋಗುವುದು ಈ ತಾಳ್ಮೆಗೆ, ಅದರಲ್ಲಿ ನನಗೆ ತಕರಾರಿಲ್ಲ.

ಕೆಲಸದ ಗುಣಮಟ್ಟವೂ ಹೇಳಿದಂತೆಯೇ ಬಂತು. ಪಿಸ್ತೂಲನ್ನು ಬಿಗಿಯಾಗಿ ಹಿಡಿದು ಹಾರಿಸುವ ರ‍್ಯಾನ್ಸಮ್ ರೆಸ್ಟ್ ಎಂಬ ಉಪಕರಣದಲ್ಲಿ ಮೊದಲು 50 ಗಜಕ್ಕೆ ಹತ್ತು ಗುಂಡು ಐದು ಇಂಚಿನಲ್ಲಿ ಹರಡುತ್ತಿದ್ದವು, ಈಗ ಎರಡು ಇಂಚಿನಲ್ಲಿ ಬೀಳುತ್ತವೆ. ಹೀಗಿದ್ದೂ ನನ್ನ ಸರಾಸರಿ 80ರಿಂದ 83ಕ್ಕೆ ಏರಿತಷ್ಟೆ, ಹತ್ತು ಸೆಕೆಂಡಿನ ಸುತ್ತಿನಲ್ಲಿ ಏನೂ ಬದಲಾಗಲಿಲ್ಲ. ಕಾರಣ ಸರಳ ಗಣಿತದಲ್ಲಿದೆ, ಮತ್ತು ಹಣ ಕೊಡುವ ಮೊದಲೇ ನಾನು ಆ ಲೆಕ್ಕ ಹಾಕಬೇಕಿತ್ತು. ಪಿಸ್ತೂಲಿನ ಹರಡುವಿಕೆಯೂ ಕೈಯ ಹರಡುವಿಕೆಯೂ ನೇರವಾಗಿ ಕೂಡುವುದಿಲ್ಲ. ಸ್ಥೂಲವಾಗಿ ಅವುಗಳ ವರ್ಗಗಳು ಕೂಡುತ್ತವೆ. ಕ್ಲಬ್ಬಿನ ಹಿರಿಯರೊಬ್ಬರ ಅತಿ ನಿಖರವಾದ ಪಿಸ್ತೂಲಿನಲ್ಲಿ ಹಾರಿಸಿ ನೋಡಿದಾಗ ನನ್ನ ಕೈಯ ಹರಡುವಿಕೆ ಸುಮಾರು ಎಂಟು ಇಂಚು ಎಂದು ತಿಳಿಯಿತು. ಎಂಟರ ಕೈಗೆ ಐದರ ಪಿಸ್ತೂಲು ಸೇರಿದರೆ 9.4 ಇಂಚು, ಎರಡರ ಪಿಸ್ತೂಲು ಸೇರಿದರೆ 8.2 ಇಂಚು. ನೂರಾರು ಡಾಲರಿನ ವ್ಯತ್ಯಾಸ ಹಲಗೆಯ ಮೇಲೆ ಇಂಚಿನ ಆಸುಪಾಸಿನದು. ಅದೇ ನಾಲ್ಕು ಇಂಚಿನ ಕೈಯುಳ್ಳವರಿಗಾದರೆ 6.4 ಇದ್ದದ್ದು 4.5ಕ್ಕೆ ಇಳಿಯುತ್ತದೆ. ಅವರಿಗೆ ಆ 640 ಡಾಲರ್ ಹತ್ತರ ವೃತ್ತದ ಬಾಗಿಲು ತೆರೆದಂತೆ.

ಉಳಿದವನ್ನು ಚುಟುಕಾಗಿ ಹೇಳುತ್ತೇನೆ. ಸ್ಲೈಡನ್ನು ಫ್ರೇಮಿಗೆ, ಅಂದರೆ ಹಿಡಿಯಿರುವ ಕೆಳಭಾಗಕ್ಕೆ, ಬಿಗಿ ಮಾಡಿದ್ದಕ್ಕೆ 280 ಡಾಲರ್. ನಿಖರತೆಗೆ ಇದರ ಕೊಡುಗೆ ನಳಿಗೆಯದಕ್ಕಿಂತ ಬಹಳ ಕಡಿಮೆ, ಇದನ್ನು ಬಿಡಬಹುದಿತ್ತು. ಹೊಂದಿಸಬಲ್ಲ ಸೈಟ್‌ಗೆ 310 ಡಾಲರ್; 25 ಮತ್ತು 50 ಗಜಗಳಿಗೆ ಬೇರೆ ಬೇರೆ ಎತ್ತರ ಬೇಕಾದ್ದರಿಂದ ಇದು ಬೇಕೇ ಬೇಕು. ಹಿಡಿಯ ಮುಂಭಾಗಕ್ಕೆ ಇಂಚಿಗೆ 30 ಗೆರೆಯ ಚೌಕುಳಿ ಕೆತ್ತನೆಗೆ 260 ಡಾಲರ್. ಅಂಕಪಟ್ಟಿಯಲ್ಲಿ ಅದರ ಗುರುತಿಲ್ಲ, ಆದರೆ ಜುಲೈ ತಿಂಗಳ ಬೆವರಿನಲ್ಲಿ ಕೈ ಜಾರದಿರುವುದೂ, ಒಂದು ಗೆರೆಯೂ ಸೊಟ್ಟಗಾಗದ ಆ ಕೈಚಳಕವನ್ನು ನೋಡುವುದೂ ನನಗೆ ನಿಜವಾದ ಸಂತೋಷ ಕೊಟ್ಟಿವೆ. ಮೇಲ್ಮೈ ಬಣ್ಣ ಮತ್ತು ಸಾಗಣೆಗೆ ಮಿಕ್ಕ 190 ಡಾಲರ್ ಹೋಯಿತು.

ಗನ್‌ಸ್ಮಿತ್ ಅವರ ಸೇವೆಯ ಬಗ್ಗೆ ನನ್ನ ದೂರು ಒಂದೇ: ಎರಡನೆಯ ಕಂತಿಗೆ ಆರು ತಿಂಗಳು ಎಂದವರು ಹನ್ನೊಂದು ತಿಂಗಳು ತೆಗೆದುಕೊಂಡರು, ನಾನಾಗಿ ಫೋನ್ ಮಾಡದ ಹೊರತು ಸುದ್ದಿ ಹೇಳಲಿಲ್ಲ. ಒಂದು ಇಡೀ ಋತುವಿನ ಸ್ಪರ್ಧೆಗಳು ಹಾಗೆ ಕಳೆದುಹೋದವು. ಬಿಗಿಯಾದ ಪಿಸ್ತೂಲು ಮೊದಲ ಇನ್ನೂರು ಗುಂಡುಗಳಲ್ಲಿ ನಾಲ್ಕೈದು ಬಾರಿ ಸಿಕ್ಕಿಕೊಂಡಿತು; ಅದನ್ನು ಮಾತ್ರ ಹೆಚ್ಚಿಗೆ ಹಣ ಕೇಳದೆ ಒಂದು ವಾರದಲ್ಲಿ ಸರಿಮಾಡಿ ಕಳಿಸಿದರು. ಮಾರಲು ಹೋದರೆ ಈ ಮಜೂರಿ ಮರಳುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಹೆಸರಾಂತ ಕೆಲವೇ ಕುಶಲಿಗಳ ಮುದ್ರೆ ಇಲ್ಲದಿದ್ದರೆ ಕೊಳ್ಳುವವರು ಅದನ್ನು ಬಳಸಿದ ಪಿಸ್ತೂಲೆಂದೇ ಎಣಿಸುತ್ತಾರೆ.

ಈ ವಸಂತದಲ್ಲಿ ಎರಡನೆಯದೊಂದು .45 ಕೊಂಡಿದ್ದೇನೆ. ಅದೇ ಗನ್‌ಸ್ಮಿತ್ ಅವರ ಬಳಿಗೇ ಒಯ್ದು, ಟ್ರಿಗರ್ ಮತ್ತು ಸೈಟ್ ಕೆಲಸವನ್ನಷ್ಟೇ ಬರೆಸಿ, ಮರಳಿಸುವ ದಿನಾಂಕವನ್ನು ರಸೀತಿಯಲ್ಲಿ ನಮೂದಿಸಿಕೊಂಡು ಬಂದಿದ್ದೇನೆ. ನಳಿಗೆಯ ಹಣ ಸದ್ಯಕ್ಕೆ ಗುಂಡುಗಳಿಗೆ ಹೋಗುತ್ತಿದೆ. ನನ್ನ ಕೈಯ ಎಂಟು ಇಂಚು ಐದಕ್ಕೆ ಇಳಿದ ದಿನ ಅದನ್ನೂ ಅವರಿಂದಲೇ ಕೂರಿಸಿಕೊಳ್ಳುತ್ತೇನೆ.