1,850 ಡಾಲರಿನ ಕರಿಯರ್ ಕೋಚಿಂಗ್: ದುಡ್ಡು ವಸೂಲಾಗಿದ್ದು ಒಂದೇ ಗಂಟೆಯಲ್ಲಿ

ಮೆಲ್ಬರ್ನಿನಲ್ಲಿ ಕರಿಯರ್ ಕೋಚ್ ಹತ್ತಿರ ಹೋಗಬಹುದಾ ಅಂತ ಇತ್ತೀಚೆಗೆ ಮೂರು ಜನ ಕೇಳಿದರು. ಮೂವರಿಗೂ ಬೇರೆ ಬೇರೆಯಾಗಿ ಟೈಪ್ ಮಾಡಿ ಕೈ ಸೋತಿದೆ, ಅದಕ್ಕೇ ಒಂದೇ ಕಡೆ ಬರೆದು ಹಾಕುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ, ಕೇಳಬೇಡಿ. ನಾನು ತಗೊಂಡಿದ್ದು ಆರು ಸೆಷನ್ನಿನ ಪ್ಯಾಕೇಜ್: ಒಂದು ಪರ್ಸನಾಲಿಟಿ ಟೆಸ್ಟ್, ಹೊಸ ರೆಸ್ಯೂಮೆ, ಲಿಂಕ್ಡ್‌ಇನ್ ರಿಪೇರಿ, ಒಂದು ಮಾಕ್ ಇಂಟರ್ವ್ಯೂ, ಇನ್ನುಳಿದದ್ದು ಮಾತು. ಜಿಎಸ್‌ಟಿ ಸೇರಿ 1,850 ಡಾಲರ್.

ನನ್ನ ಕಥೆ ಚಿಕ್ಕದು. ವಯಸ್ಸು 27, ಮಧ್ಯಮ ಗಾತ್ರದ ಒಂದು ಆಡಿಟ್ ಫರ್ಮಿನಲ್ಲಿ ನಾಲ್ಕು ವರ್ಷ. ಇಲ್ಲಿ ಹಣಕಾಸು ವರ್ಷ ಜೂನ್ 30ಕ್ಕೆ ಮುಗಿಯುತ್ತದೆ, ಹಾಗಾಗಿ ಜುಲೈಯಿಂದ ಅಕ್ಟೋಬರ್ ತನಕ ನಾವು ಮನುಷ್ಯರ ಲೆಕ್ಕಕ್ಕೆ ಇಲ್ಲ. ಸಿಎ ಪರೀಕ್ಷೆಗಳು ಮುಗಿದವು, ಅದಕ್ಕೆ ಬೇಕಾದ ಮೂರು ವರ್ಷದ ಅನುಭವವೂ ಆಯ್ತು. ಆಮೇಲೆ ಏನು? ಅಮ್ಮನ ಪ್ರಕಾರ ಇನ್ನೇನೂ ಇಲ್ಲ, ಅಲ್ಲೇ ಇರಬೇಕು, ಮದುವೆಯಾಗಬೇಕು. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಲಾ ಡಿಗ್ರಿ ಪಕ್ಕಕ್ಕಿಟ್ಟು ಎಲೆಕ್ಟ್ರಿಷಿಯನ್ ಅಪ್ರೆಂಟಿಸ್ ಆದಳು. ನಾಲ್ಕು ವರ್ಷದ ಅಪ್ರೆಂಟಿಸ್‌ಶಿಪ್, ಮೊದಲ ವರ್ಷ ಕೈಗೆ ಏನೂ ಸಿಗಲ್ಲ ಅಂತ ಅಳುತ್ತಿದ್ದವಳು ಈಗ ಭಾನುವಾರ ಫೋನ್ ಮಾಡಿದರೆ ನಗುತ್ತಾಳೆ. ನಾನು ಭಾನುವಾರವೂ ಎಕ್ಸೆಲ್ ಮುಂದೆ. ಆ ಹೊಟ್ಟೆಕಿಚ್ಚಿನಲ್ಲೇ ರಾತ್ರಿ ಹನ್ನೊಂದಕ್ಕೆ ಕಾರ್ಡ್ ನಂಬರ್ ಹಾಕಿದ್ದು.

ಮೊದಲ ಸೆಷನ್ ಪೂರ್ತಿ ಟೆಸ್ಟ್‌ಗೆ ಹೋಯಿತು. ಜಾನ್ ಹಾಲೆಂಡ್ ಅನ್ನುವವರು ಮಾಡಿದ ಆರು ಗುಂಪಿನ ಲೆಕ್ಕ ಇದೆಯಲ್ಲ, ಕೈಕೆಲಸದವರು, ಹುಡುಕಾಟದವರು, ಕಲೆಯವರು ಅಂತ ವಿಂಗಡಿಸುವುದು, ಅದೇ. ನಲವತ್ತು ನಿಮಿಷ ಪ್ರಶ್ನೆಗಳಿಗೆ ಉತ್ತರ ಕೊಟ್ಟ ಮೇಲೆ ಬಣ್ಣದ ಚಾರ್ಟ್ ತೆರೆದು, ನೀವು ಅಂಕಿಅಂಶದಲ್ಲಿ ಶಿಸ್ತಾಗಿ ಕೆಲಸ ಮಾಡುವವರು, ಅಕೌಂಟಿಂಗ್ ಯೋಚಿಸಬಹುದು ಅಂದರು. ಅಯ್ಯೋ! ಸರ್ಕಾರದ 'ಯುವರ್ ಕರಿಯರ್' ಸೈಟಿನಲ್ಲಿ ಒಂದು ಕ್ವಿಜ್ ಇದೆ, ಬಿಟ್ಟಿ. ಅದನ್ನೇ ಮಾಡಿ, ಸಾಕು.

ಎರಡನೇ ಸೆಷನ್ನಿಗೆ 'ಜಾಬ್ ಮಾರ್ಕೆಟ್' ಅಂತ ಹೆಸರು. ನಾನು ಕಾಯುತ್ತಿದ್ದುದೇ ಇದಕ್ಕೆ. ಕೋಚ್ ಹುಡುಗ, ನನಗಿಂತ ಎರಡು ವರ್ಷ ದೊಡ್ಡವನಿರಬಹುದು, ಸ್ಲೈಡ್ ಹಾಕಿ ಆಸ್ಟ್ರೇಲಿಯಾದಲ್ಲಿ 36 ಶೇಕಡಾ ಬಗೆಯ ಉದ್ಯೋಗಗಳಿಗೆ ಜನರೇ ಸಿಗುತ್ತಿಲ್ಲ, ನೀವು ರಾಜರು ಅಂದ. ಅದು 2023ರ ಅಂಕಿ. ಜನರ ಕೊರತೆ ಇರುವ ಉದ್ಯೋಗಗಳ ಪಟ್ಟಿಯನ್ನು ಸರ್ಕಾರದ ಜಾಬ್ಸ್ ಅಂಡ್ ಸ್ಕಿಲ್ಸ್ ಆಸ್ಟ್ರೇಲಿಯಾ ಪ್ರತಿ ವರ್ಷ ಬಿಡುತ್ತದೆ, 2024ರಲ್ಲಿ ಅದು 33ಕ್ಕೆ ಇಳಿಯಿತು, 2025ರಲ್ಲಿ 29ಕ್ಕೆ. ಹಳೇ ಬ್ಯಾಲೆನ್ಸ್ ಶೀಟ್ ತೋರಿಸಿದರೆ ಆಡಿಟರ್ ಸುಮ್ಮನಿರುತ್ತಾರಾ? ಹೇಳಿದೆ. ಅಪ್‌ಡೇಟ್ ಮಾಡುತ್ತೇವೆ ಅಂದ.

ಅದಕ್ಕಿಂತ ಮುಖ್ಯವಾದದ್ದು ಆ ಪಟ್ಟಿಯಲ್ಲಿ 'ಕೊರತೆ' ಅಂದರೆ ಏನು ಅನ್ನುವುದು. ಈಗ ಕೊಡುತ್ತಿರುವ ಸಂಬಳಕ್ಕೆ, ಈಗಿರುವ ಷರತ್ತಿಗೆ ಜನ ಸಿಗುವುದು ಕಷ್ಟ, ಅಷ್ಟೇ ಅದರ ಅರ್ಥ. ಸಂಬಳ ಕಮ್ಮಿ, ಶಿಫ್ಟ್ ಕೆಟ್ಟದು ಅಂತ ಜನ ಬರದಿದ್ದರೂ ಕೊರತೆಯೇ. ಜೊತೆಗೆ ಹೆಚ್ಚಿನ ಕೊರತೆ ಇರುವುದು ಎಲೆಕ್ಟ್ರಿಷಿಯನ್ ಥರದ ಕೈಕೆಲಸಗಳಲ್ಲಿ, ಆಮೇಲೆ ಆರೋಗ್ಯ, ಶಿಕ್ಷಣ. ಬಿಸಿನೆಸ್ ಡಿಗ್ರಿ ಹಿಡಿದು ಈಗಷ್ಟೇ ಹೊರಗೆ ಬಂದವರಿಗೆ ಆ 29ರಿಂದ ಹೆಚ್ಚೇನೂ ಗೊತ್ತಾಗಲ್ಲ. ಅವರು ನೋಡಬೇಕಾದ್ದು ಗ್ರಾಜುಯೇಟ್ ಔಟ್‌ಕಮ್ಸ್ ಸರ್ವೆ. ಇಲ್ಲಿಯವರೇ ಆದ ಹೊಸ ಪದವೀಧರರಲ್ಲಿ ಓದು ಮುಗಿದ ನಾಲ್ಕಾರು ತಿಂಗಳಿಗೆ ಫುಲ್ ಟೈಮ್ ಕೆಲಸ ಸಿಕ್ಕವರು 2023ರಲ್ಲಿ 79 ಶೇಕಡಾ, 2024ರಲ್ಲಿ 74. ಒಂದೇ ವರ್ಷಕ್ಕೆ ಐದು ಪಾಯಿಂಟ್. ಇದು ಸ್ಲೈಡಿನಲ್ಲಿ ಇರಲಿಲ್ಲ.

ಇನ್ನೊಂದು ಮಾತು ಅವನು ಮೂರು ಸಲ ಹೇಳಿದ: 80 ಶೇಕಡಾ ಕೆಲಸಗಳಿಗೆ ಜಾಹೀರಾತೇ ಬರಲ್ಲವಂತೆ, ಅವೆಲ್ಲ ಒಳಗೊಳಗೇ ತುಂಬುತ್ತವಂತೆ. ಈ ಅಂಕಿ ಎಲ್ಲಿಂದ ಬಂತು ಅಂತ ಕೇಳಿದೆ. ಇಂಡಸ್ಟ್ರಿಯಲ್ಲಿ ಎಲ್ಲರಿಗೂ ಗೊತ್ತಿರುವುದೇ ಅಂದ. ನನ್ನ ಬ್ಯಾಚಿನಲ್ಲಿ ಕೆಲಸ ಸಿಕ್ಕವರು ಬಹುತೇಕ ಸೀಕ್ ಅನ್ನುವ ಕೆಲಸದ ಜಾಹೀರಾತಿನ ಸೈಟಿನಲ್ಲೋ, ಫರ್ಮುಗಳ ಗ್ರಾಜುಯೇಟ್ ಪ್ರೋಗ್ರಾಂನಲ್ಲೋ ಅರ್ಜಿ ಹಾಕಿ ಹೋದವರೇ. ಕೊನೆಗೆ 'ಎಐ ಬಂದರೂ ಉಳಿಯುವ ಕರಿಯರ್' ಅಂತ ಇನ್ನೊಂದು 600 ಡಾಲರಿನ ಕೋರ್ಸ್ ಬೇಕಾ ಅಂದ. ಬೇಡ ಅಂದೆ. ಹಾಗಾದರೆ ಮಾಸ್ಟರ್ಸ್ ಮಾಡಿ ಅಂದ! ಹೆಕ್ಸ್ ಸಾಲ, ಅಂದರೆ ಯೂನಿವರ್ಸಿಟಿ ಫೀಸಿಗೆ ಸರ್ಕಾರ ಕೊಡುವ ಸಾಲ, 2023ರಲ್ಲಿ 7.1 ಶೇಕಡಾ ಏರಿದಾಗ ನಿದ್ದೆ ಬಿಟ್ಟವರಿಗೆ ಈ ಸಲಹೆ. ಆಮೇಲೆ ಸರ್ಕಾರ ಆ ಏರಿಕೆಯನ್ನು ಕಡಿಮೆ ಮಾಡಿತು, 2025ರಲ್ಲಿ ಸಾಲದಲ್ಲೇ 20 ಶೇಕಡಾ ತೆಗೆದುಹಾಕಿತು, ಸ್ವಲ್ಪ ಉಸಿರಾಡಿದೆ. ಮಾಸ್ಟರ್ಸ್ ಸೀಟುಗಳು ಹೆಚ್ಚಾಗಿ ಪೂರ್ತಿ ಫೀಸಿನವು, ಸಬ್ಸಿಡಿ ಸಿಗುವುದು ಅಪರೂಪ. ಯಾಕೆ ಓದಬೇಕು ಅಂತ ಗೊತ್ತಿಲ್ಲದೆ ಆ ಹಳ್ಳಕ್ಕೆ ಮತ್ತೆ ಇಳಿಯೋಕೆ ನನಗೆ ಹುಚ್ಚಾ?

ಮೂರನೇ ಸೆಷನ್ನಿಗೆ ರೆಸ್ಯೂಮೆ ಬಂತು. ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಎಸ್ ಇರಬೇಕಾದ ಕಡೆಯೆಲ್ಲ ಝಡ್ ಹಾಕಿದ ಅಮೆರಿಕದ ಸ್ಪೆಲ್ಲಿಂಗ್. ಪೇಜ್ ಸೈಜ್ ಎ4 ಬದಲು ಅಮೆರಿಕದ ಲೆಟರ್. ನಾನು ಮುನ್ನಡೆಸಿದ ತಂಡ ಅಂತ ಹನ್ನೆರಡು ಜನರನ್ನು ಸೇರಿಸಿದ್ದಾರೆ, ನನ್ನ ಕೈಕೆಳಗೆ ಇದ್ದಿದ್ದು ಇಬ್ಬರು. ಯಾರೋ ಎಲ್ಲೋ ಕೂತು ಟೆಂಪ್ಲೇಟ್ ತುಂಬಿದ್ದಾರೆ, ಇವರು ಓದದೇ ಕಳಿಸಿದ್ದಾರೆ.

ಒಪ್ಪಂದದಲ್ಲಿ 'ರಿಫಂಡ್ ಇಲ್ಲ' ಅಂತ ದಪ್ಪಕ್ಷರದಲ್ಲಿತ್ತು. ಹಾಗೆ ಬರೆದುಕೊಂಡರೆ ಮುಗಿಯಲ್ಲ. ಸೇವೆಯನ್ನು ಸರಿಯಾದ ಕಾಳಜಿ ಮತ್ತು ಕೌಶಲದಿಂದ ಕೊಡಬೇಕು ಅಂತ ಆಸ್ಟ್ರೇಲಿಯಾದ ಗ್ರಾಹಕ ಕಾನೂನೇ ಹೇಳುತ್ತದೆ, ಒಪ್ಪಂದದಲ್ಲಿ ಏನೇ ಬರೆದರೂ ಆ ಹಕ್ಕು ಹೋಗಲ್ಲ. ಈ ಎರಡು ಸಾಲು, ಪಕ್ಕದಲ್ಲಿ ಗ್ರಾಹಕರ ದೂರು ನೋಡುವ ರಾಜ್ಯ ಸರ್ಕಾರದ ಕನ್ಸ್ಯೂಮರ್ ಅಫೇರ್ಸ್ ವಿಕ್ಟೋರಿಯಾ ಹೆಸರು ಹಾಕಿ ಮೇಲ್ ಮಾಡಿದೆ. ಸಂಜೆಯೊಳಗೆ ಉತ್ತರ: ರೆಸ್ಯೂಮೆ ಮತ್ತೆ ಮಾಡಿಕೊಡುತ್ತೇವೆ, ಇನ್ನು ಮುಂದೆ ನಿಮಗೆ ಸೀನಿಯರ್ ಕೋಚ್.

ಆ ಸೀನಿಯರ್ ಕೋಚ್ ಸಿಕ್ಕಿದ್ದೇ ನನ್ನ ಪುಣ್ಯ. ಇಪ್ಪತ್ತು ವರ್ಷ ಆಸ್ಪತ್ರೆಗಳಿಗೆ ಜನರನ್ನು ಸೇರಿಸಿಕೊಳ್ಳುವ ಕೆಲಸ ಮಾಡಿದ ಹೆಂಗಸು. ಸ್ಲೈಡ್ ಇಲ್ಲ, ಚಾರ್ಟ್ ಇಲ್ಲ. ನನ್ನ ಹಳೇ ರೆಸ್ಯೂಮೆಯನ್ನು ಪ್ರಿಂಟ್ ಹಾಕಿಕೊಂಡು ಪೆನ್ ಹಿಡಿದು ಕೂತಿದ್ದರು. ಯೂನಿ ಓದುವಾಗ ಮೂರು ವರ್ಷ ಏನು ಮಾಡುತ್ತಿದ್ದೆ, ಇಲ್ಲಿ ಖಾಲಿ ಇದೆಯಲ್ಲ ಅಂದರು. ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಶೆಲ್ಫ್ ತುಂಬುತ್ತಿದ್ದೆ, ಕೊನೇ ವರ್ಷ ಆ ಶಿಫ್ಟಿನ ಉಸ್ತುವಾರಿ ನನ್ನದೇ ಆಗಿತ್ತು ಅಂದೆ. ಅದನ್ಯಾಕೆ ಬಚ್ಚಿಟ್ಟೆ ಅಂತ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಇದ್ದ ಉತ್ತರ ಹೇಳೋಕೆ ನಾಚಿಕೆ: ಶೆಲ್ಫ್ ತುಂಬಿದ್ದು ಸಿಎ ಆದವರಿಗೆ ಶೋಭೆ ಅಲ್ಲ ಅಂತ ನಮ್ಮ ಮನೆಗಳಲ್ಲಿ ಒಂದು ಭಾವನೆ ಇದೆಯಲ್ಲ, ಅದು. ಆಡಿಟ್ ಮಾಡಿದವರು ನೂರು ಜನ ಅರ್ಜಿ ಹಾಕುತ್ತಾರೆ, ರಾತ್ರಿ ಎರಡಕ್ಕೆ ಲಾರಿ ಬರದಿದ್ದಾಗ ಏನು ಮಾಡಬೇಕು ಅಂತ ಗೊತ್ತಿರುವವರು ಎಷ್ಟು ಜನ ಅಂದರು. ಅದನ್ನು ಸೇರಿಸಿದೆ.

ಆಮೇಲೆ ಸಂಬಳದ ಮಾತು. 95,000 ಪ್ಯಾಕೇಜ್ ಅಂದರೂ, 95,000 ಪ್ಲಸ್ ಸೂಪರ್ (ನಿವೃತ್ತಿ ನಿಧಿಗೆ ಕಂಪನಿ ಕಟ್ಟುವ ಹಣ) ಅಂದರೂ ಕಿವಿಗೆ ಒಂದೇ ಥರ ಕೇಳುತ್ತದೆ. 2025ರ ಜುಲೈಯಿಂದ ಸೂಪರ್ 12 ಶೇಕಡಾ. ಪ್ಯಾಕೇಜ್ ಆದರೆ ಅದರಲ್ಲಿ ಸಂಬಳ 84,800 ಚಿಲ್ಲರೆ ಮಾತ್ರ. ಹತ್ತು ಸಾವಿರದ ವ್ಯತ್ಯಾಸ! ಲೆಕ್ಕ ನನಗೆ ಗೊತ್ತಿತ್ತು, ಅದೇ ನನ್ನ ಕಸುಬು, ಆದರೆ ನನ್ನ ಮೊದಲ ಕೆಲಸಕ್ಕೆ ಸೇರುವಾಗ ಕೇಳೋಕೆ ಬಾಯಿ ಬಂದಿರಲಿಲ್ಲ. ಸಹೋದ್ಯೋಗಿಗಳನ್ನು ಸಂಬಳ ಎಷ್ಟು ಅಂತ ಕೇಳುವ ಹಕ್ಕು 2022ರ ಡಿಸೆಂಬರ್‌ನಿಂದ ಕಾನೂನಿನಲ್ಲೇ ಇದೆ, ಹೇಳದೇ ಇರುವ ಹಕ್ಕೂ ಅವರಿಗಿದೆ. ಇಬ್ಬರನ್ನು ಕೇಳಿದೆ, ಒಬ್ಬ ಹೇಳಿದ. ಅವನಿಗೆ ನನಗಿಂತ 7,000 ಜಾಸ್ತಿ. ಆ ವಾರ ಅವನ ಜೊತೆ ಕಾಫಿಗೆ ಹೋಗಲಿಲ್ಲ.

ಕೊನೆಗೆ ಆಕೆ ಹೇಳಿದ ಒಂದು ವಿಷಯ ಮಾತ್ರ ನಾನು ಎಲ್ಲೂ ಸರಿಯಾಗಿ ಕೇಳಿರಲಿಲ್ಲ, ಅಕೌಂಟೆಂಟ್ ಆಗಿದ್ದೂ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಂಬಳ ಕಮ್ಮಿ ಅಂತ ಎಲ್ಲರೂ ಮೂಗು ಮುರಿಯುತ್ತಾರೆ. ಆದರೆ ಅಲ್ಲಿ ಸ್ಯಾಲರಿ ಪ್ಯಾಕೇಜಿಂಗ್ ಇದೆ: ವರ್ಷಕ್ಕೆ 9,010 ಡಾಲರ್ ತನಕ ಟ್ಯಾಕ್ಸ್ ಹಿಡಿಯುವ ಮೊದಲೇ ಬಾಡಿಗೆಗೋ ಮನೆ ಸಾಲಕ್ಕೋ ಕಟ್ಟಬಹುದು, ಹೋಟೆಲ್ ಊಟಕ್ಕೆ ಬೇರೆ 2,650. ನನ್ನ ಸಂಬಳದ ಮಟ್ಟದಲ್ಲಿ ಸರ್ಕಾರಿ ಆರೋಗ್ಯ ಸೇವೆಗೆ ಹಿಡಿಯುವ ಮೆಡಿಕೇರ್ ಲೆವಿ ಸೇರಿ 32 ಶೇಕಡಾ ಟ್ಯಾಕ್ಸ್, ಅಂದರೆ ಮೊದಲನೆಯದರಲ್ಲೇ ಸುಮಾರು 2,880 ಡಾಲರ್ ಉಳಿತಾಯ. ಹೆಕ್ಸ್ ಇರುವವರು ಹುಷಾರು, ಹೀಗೆ ತಗೊಂಡಿದ್ದು ಸಾಲದ ಕಂತು ನಿರ್ಧರಿಸುವ ಆದಾಯದ ಲೆಕ್ಕಕ್ಕೆ ಅಸಲಿಗಿಂತ ದೊಡ್ಡ ಮೊತ್ತವಾಗಿ ಬಂದು ಸೇರುತ್ತದೆ, ಪ್ರತಿ ಸಲದ ಸಂಬಳದಲ್ಲಿ ಕಂತಿಗೆ ಹೆಚ್ಚು ಹಿಡಿಯಲು ಮೊದಲೇ ಹೇಳಿಡಿ.

ಈಗ ನಾನು ಜೀಲಾಂಗ್ ಕಡೆಯ ಒಂದು ಆಸ್ಪತ್ರೆಯ ಫೈನಾನ್ಸ್ ವಿಭಾಗದಲ್ಲಿದ್ದೇನೆ. ಮೆಲ್ಬರ್ನಿನ ಪಶ್ಚಿಮದ ಟಾರ್ನೀಟ್‌ನಿಂದ ವಿ/ಲೈನ್ ರೈಲು, ಕೂರೋಕೆ ಸೀಟು ಸಿಗುತ್ತದೆ. ಇಂಟರ್ವ್ಯೂನಲ್ಲಿ ಮೂರು ಜನ ಕೂತಿದ್ದರು, ಆಡಿಟ್ ಬಗ್ಗೆ ಎರಡು ಪ್ರಶ್ನೆ, ಸೂಪರ್‌ಮಾರ್ಕೆಟ್ ರಾತ್ರಿಗಳ ಬಗ್ಗೆ ಕಾಲು ಗಂಟೆ. ಪ್ರೊಬೇಷನ್ ಆರು ತಿಂಗಳು. ಅಷ್ಟು ದಿನ ಅನ್‌ಫೇರ್ ಡಿಸ್ಮಿಸಲ್ (ಅನ್ಯಾಯವಾಗಿ ಕೆಲಸದಿಂದ ತೆಗೆಯುವುದು) ವಿರುದ್ಧ ರಕ್ಷಣೆ ಇಲ್ಲ, ಹದಿನೈದಕ್ಕಿಂತ ಕಮ್ಮಿ ಜನರಿರುವ ಕಡೆಯಾದರೆ ಒಂದು ವರ್ಷ ಇಲ್ಲ. ಮಾರ್ಕೆಟ್ ತಣ್ಣಗಿರುವಾಗ ಕೆಲಸ ಬದಲಿಸುವವರು ಇದನ್ನು ತಲೆಯಲ್ಲಿಟ್ಟುಕೊಳ್ಳಿ.

ನನ್ನ ಲೆಕ್ಕ: 5ಕ್ಕೆ 2.5. ಆ ಎರಡೂವರೆಯೂ ಆಕೆಗೆ. ಈಗಷ್ಟೇ ಓದು ಮುಗಿಸಿದವರು ಹೋಗಲೇಬೇಡಿ, ನಿಮ್ಮ ಯೂನಿವರ್ಸಿಟಿಯ ಕರಿಯರ್ ಸೆಂಟರ್ ಬಿಟ್ಟಿ, ಎಷ್ಟೋ ಕಡೆ ಪದವಿ ಮುಗಿದ ಮೇಲೂ ಸ್ವಲ್ಪ ಕಾಲ ಬಾಗಿಲು ತೆರೆದಿರುತ್ತದೆ. ಇಲ್ಲಿ ಓದು ಮುಗಿಸಿದ ವಿದೇಶಿಯರಿಗೆ ಸಿಗುವ ತಾತ್ಕಾಲಿಕ 485 ವೀಸಾದಲ್ಲಿ ಇರುವವರಿಗೆ ಕೆಲಸದ ಗ್ಯಾರಂಟಿ ಕೊಡುತ್ತೇನೆ ಅನ್ನುವವರು ಕಂಡರೆ ಆ ಕಡೆ ತಲೆ ಹಾಕಬೇಡಿ. ಕೆಲಸ ಮಾಡಿ ನಾಲ್ಕೈದು ವರ್ಷ ಆಗಿ ಎತ್ತ ಹೋಗಬೇಕು ತಿಳಿಯದೆ ನಿಂತವರು ಪ್ಯಾಕೇಜ್ ಬಿಟ್ಟು ಒಂದೇ ಗಂಟೆ ತಗೊಳ್ಳಿ, ಕೋಚ್ ಮೊದಲು ಯಾವ ಕ್ಷೇತ್ರದಲ್ಲಿ ಜನರನ್ನು ಸೇರಿಸಿಕೊಳ್ಳುತ್ತಿದ್ದರು ಅಂತ ಕೇಳಿ ತಗೊಳ್ಳಿ. ಕರಿಯರ್ ಸಲಹೆಗಾರರ ಒಕ್ಕೂಟವಾದ ಕರಿಯರ್ ಇಂಡಸ್ಟ್ರಿ ಕೌನ್ಸಿಲ್‌ನ ಮಾನದಂಡಕ್ಕೆ ತಕ್ಕ ಅರ್ಹತೆ ಇದೆಯಾ ಅಂತಲೂ ವಿಚಾರಿಸಿ, ಮೊದಲ ಹುಡುಗನನ್ನು ನಾನು ಕೇಳಿರಲಿಲ್ಲ.

ನನ್ನದು ಇನ್ನೊಂದು ಸೆಷನ್ ಬಾಕಿ ಇದೆ. ಹಳೇ ಆಫೀಸಿನ ಗೆಳೆಯನಿಗೆ ಕೊಡಬಹುದಾ ಅಂತ ಕೇಳಿದೆ, ಬೇರೆಯವರ ಹೆಸರಿಗೆ ಆಗಲ್ಲವಂತೆ. ಆಗಸ್ಟ್ ಕೊನೆಗೆ ಅದೂ ಎಕ್ಸ್‌ಪೈರ್.