ಅಯಕಾಶಿ ಟ್ರಯಾಂಗಲ್: 16 ಸಂಪುಟ ಓದಿದವಳ ಅಭಿಪ್ರಾಯ

ಈ ಮಂಗಾ, ಅಂದರೆ ಜಪಾನಿನ ಕಾಮಿಕ್ಸ್, ನನಗೆ ತುಂಬಾ ಇಷ್ಟ. ಇದರ ಮೇಲೆ ಸಿಟ್ಟೂ ಇದೆ. ಕೆಂಟಾರೊ ಯಬುಕಿ ತಾವೇ ಕಥೆ ಬರೆದು, ತಾವೇ ಚಿತ್ರ ಬಿಡಿಸಿದ ‘ಅಯಕಾಶಿ ಟ್ರಯಾಂಗಲ್’ 2020ರ ಜೂನ್‌ನಲ್ಲಿ ಜಪಾನಿನ ವೀಕ್ಲಿ ಶೋನೆನ್ ಜಂಪ್ ಪತ್ರಿಕೆಯಲ್ಲಿ ಶುರುವಾಯಿತು, 2023ರಲ್ಲಿ ಮುಗಿಯಿತು. ಒಟ್ಟು 16 ಸಂಪುಟ. ಇಂಗ್ಲಿಷಿನಲ್ಲಿ ಒಂದೊಂದೇ ಬಂದ ಹಾಗೆ ಓದಿಕೊಂಡು ಬಂದೆ, ಆಮೇಲೆ ಮೊದಲಿಂದ ಇನ್ನೊಮ್ಮೆ ಓದಿದೆ. ನಿಂಜಾ ಹಾರೆಮ್ ಕಾಮಿಡಿ (ಒಬ್ಬರ ಸುತ್ತ ಹಲವರು ಪ್ರೀತಿಗೆ ಬೀಳುವ ತಮಾಷೆ ಕಥೆ) ಅಂದ ಕೂಡಲೇ ಕೆಲವರು ಮುಖ ತಿರುಗಿಸುತ್ತಾರೆ, ಕೆಲವರು ಬೇರೇನೋ ಸಿಗುತ್ತೆ ಅಂತ ಓಡಿ ಬರುತ್ತಾರೆ. ಇಬ್ಬರ ಕಣ್ಣಿಗೂ ಇದರಲ್ಲಿರುವ ಒಳ್ಳೆಯ ಕಥೆ ಬೀಳುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕಥೆ ಹೀಗಿದೆ. ಮತ್ಸುರಿ ಕಝಮಾಕಿ ದೆವ್ವ ಬಿಡಿಸುವ ನಿಂಜಾಗಳ ಮನೆತನದ ಹುಡುಗ, ಗಾಳಿಯ ವಿದ್ಯೆ ಬಲ್ಲವನು. ಸುಜು ಅವನ ಬಾಲ್ಯದ ಗೆಳತಿ. ಅವಳಿಗೆ ಅಯಕಾಶಿಗಳು, ಅಂದರೆ ಅಲೆಮಾರಿ ಭೂತಗಳು ಕಾಣಿಸುತ್ತವೆ. ಅವುಗಳಿಗೆ ಹೆದರುವ ಬದಲು ಅವುಗಳ ಜೊತೆ ಮಾತಾಡಿಕೊಂಡು, ಆಟ ಆಡಿಕೊಂಡು ಇರುವ ಹುಡುಗಿ. ಅವಳೊಳಗಿನ ಶಕ್ತಿಗೆ ಆಸೆಪಟ್ಟು ದೊಡ್ಡ ದೊಡ್ಡ ಭೂತಗಳು ಬರುತ್ತವೆ, ಅವಳಿಗೆ ಗೊತ್ತಾಗದ ಹಾಗೆ ಅವನ್ನೆಲ್ಲ ತಡೆಯುವುದು ಮತ್ಸುರಿಯ ಕೆಲಸ. ಕೊನೆಗೆ ಭೂತಗಳ ರಾಜ ಶಿರೊಗಾನೆಯೇ ಬರುತ್ತಾನೆ, ನೋಡಲು ಒಂದು ಬಿಳಿ ಬೆಕ್ಕು. ಮತ್ಸುರಿ ಅವನ ಶಕ್ತಿಯನ್ನು ಕಾಗದದ ಸುರುಳಿಯೊಳಗೆ ಕಟ್ಟಿಹಾಕುತ್ತಾನೆ, ಆದರೆ ಅಷ್ಟರಲ್ಲಿ ಬೆಕ್ಕು ಅವನನ್ನು ಹುಡುಗಿಯನ್ನಾಗಿ ಮಾಡಿಬಿಟ್ಟಿರುತ್ತದೆ.

ಇಲ್ಲಿವರೆಗೆ ಕೇಳಿದರೆ ಯಾವ ಹೊಸತನವೂ ಕಾಣಲ್ಲ ಅಲ್ವಾ? ಸಿಕ್ಕು ಇರುವುದು ಮುಂದೆ. ಮತ್ಸುರಿ ಮತ್ತೆ ಹುಡುಗನಾಗಬೇಕು ಅಂದರೆ ಬೆಕ್ಕಿಗೆ ಅದರ ಶಕ್ತಿ ವಾಪಸ್ ಸಿಗಬೇಕು. ಶಕ್ತಿ ವಾಪಸ್ ಕೊಟ್ಟರೆ ಅದು ಮೊದಲು ಹೋಗುವುದೇ ಸುಜು ಮೇಲೆ. ಯಾರಿಗಾಗಿ ತಾನು ಮೊದಲಿನಂತೆ ಆಗಬೇಕು ಅನ್ನಿಸುತ್ತದೋ ಅವಳನ್ನು ಕಾಪಾಡುವುದಕ್ಕಾಗಿಯೇ ಹೀಗೇ ಉಳಿಯಬೇಕು. ಈ ಒಂದು ಗಂಟಿನ ಮೇಲೆ ಇಡೀ ಕಥೆ ನಿಂತಿದೆ. ಇಂಥ ಎಷ್ಟೋ ಕಾಮಿಡಿಗಳಲ್ಲಿ ಇಬ್ಬರು ಒಂದಾಗದೆ ಇರುವುದಕ್ಕೆ ಕಾರಣವೇ ಇರುವುದಿಲ್ಲ, ಬರೀ ತಪ್ಪು ತಿಳಿವಳಿಕೆಯಲ್ಲೇ ಹತ್ತು ಸಂಪುಟ ಎಳೆಯುತ್ತಾರೆ. ಇಲ್ಲಿ ನಿಜವಾದ ಕಾರಣ ಇದೆ, ಓದುವವರಿಗೂ ಸಂಕಟ ಆಗುತ್ತದೆ.

ಸುಜು ಪಾತ್ರವನ್ನು ಯಬುಕಿ ಚೆನ್ನಾಗಿ ಬೆಳೆಸಿದ್ದಾರೆ. ಮತ್ಸುರಿಗೆ ಏನಾಯಿತು ಅಂತ ಅವಳಿಗೆ ಗೊತ್ತು. ಅವಳ ಪ್ರೀತಿ ಅದರಿಂದ ಕಡಿಮೆ ಆಗುವುದಿಲ್ಲ, ಆದರೆ ಅವಳು ತನ್ನನ್ನೇ ಕೇಳಿಕೊಳ್ಳುತ್ತಾಳೆ: ನಾನು ಇಷ್ಟಪಡುತ್ತಿರುವುದು ಆ ಹುಡುಗನನ್ನೋ, ಎದುರಿಗಿರುವ ಈ ಹುಡುಗಿಯನ್ನೋ, ಇಬ್ಬರೂ ಒಬ್ಬರೇ ಆದರೆ ಹೀಗೆ ಕೇಳುವುದರಲ್ಲೇ ಏನಾದರೂ ಅರ್ಥ ಇದೆಯೋ? ಈ ಪ್ರಶ್ನೆಯನ್ನು ಕಥೆ ತಮಾಷೆ ಮಾಡಿ ತಳ್ಳಿಹಾಕುವುದಿಲ್ಲ. ಮತ್ಸುರಿಯೂ ಅಷ್ಟೇ. ಮೊದಮೊದಲು ಆ ದೇಹವನ್ನು ಶಿಕ್ಷೆ ಅಂತ ನೋಡುತ್ತಾನೆ, ಬರಬರುತ್ತಾ ಅದರೊಳಗೆ ಬದುಕುವುದನ್ನು ಕಲಿಯುತ್ತಾನೆ. ಆ ಬದಲಾವಣೆ ಎಷ್ಟು ನಿಧಾನ ಅಂದರೆ ಎರಡನೇ ಸಲ ಓದಿದಾಗಲೇ ನನಗೆ ಪೂರ್ತಿ ಕಾಣಿಸಿದ್ದು.

ಹಾರೆಮ್ ವಿಷಯಕ್ಕೆ ಬರೋಣ. ಒಬ್ಬ ಹುಡುಗ, ಸುತ್ತ ಹುಡುಗಿಯರು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಡುವೆ ನಿಂತಿರುವವರು ಮತ್ಸುರಿ ಮತ್ತು ಸುಜು ಇಬ್ಬರೂ. ಜೊತೆಯ ನಿಂಜಾ ಸೊಗಾ ನಿನೊಕುರು ಹುಡುಗಿಯಾದ ಮತ್ಸುರಿಗೆ ಮನಸ್ಸು ಕೊಡುತ್ತಾನೆ, ಅವನ ಪಾಡು ನಗು ತರಿಸಿದರೂ ಅವನನ್ನು ಯಬುಕಿ ಬರೀ ನಗೆಪಾಟಲು ಮಾಡಿಲ್ಲ. ಆಮೇಲೆ ಸಹಪಾಠಿಗಳು, ಭೂತಗಳು, ಬೇರೆ ನಿಂಜಾ ಮನೆತನದವರು ಅಂತ ಗುಂಪು ದೊಡ್ಡದಾಗುತ್ತಾ ಹೋಗುತ್ತದೆ. ನಡುವಿನ ಸಂಪುಟಗಳಲ್ಲಿ ಅದು ಜಾಸ್ತಿಯೇ ಆಯಿತು. ಹೊಸಬರು ಬಂದಾಗಲೆಲ್ಲ ಮುಖ್ಯ ಕಥೆ ಮೂಲೆಗೆ ಸೇರುತ್ತದೆ, ಆ ಭಾಗಗಳನ್ನು ನಾನು ಈಗ ಬೇಗ ಬೇಗ ದಾಟುತ್ತೇನೆ.

ನನ್ನ ಚಿಕ್ಕಮ್ಮನ ಮಗ ‘ನರುಟೊ’ ಎಂಬ ನಿಂಜಾ ಕಾದಾಟದ ಮಂಗಾ ಓದಿ ಬೆಳೆದವನು. ನನ್ನ ಮಾತು ಕೇಳಿ ಮೊದಲ ಎರಡು ಸಂಪುಟ ಓದಿ ಫೋನ್ ಮಾಡಿದ. “ಅಕ್ಕಾ, ಇದರಲ್ಲಿ ನಿಂಜಾ ಕೆಲಸ ಎಲ್ಲಿದೆ? ಬರೀ ಸ್ಕೂಲು, ಬರೀ ನಾಚಿಕೆ” ಅಂದ. ನಾನಂದೆ, “ಸುಜು ಇರೋ ಕಡೆ ನೋಡೋ. ಮತ್ಸುರಿ ಇಡೀ ಹೊತ್ತು ಕಾವಲಲ್ಲೇ ಇದಾನೆ.” ಅವನು ಒಪ್ಪಲಿಲ್ಲ, ನಾನೂ ಬಿಡಲಿಲ್ಲ. ಯುದ್ಧ ಬೇಕು ಅನ್ನುವವರಿಗೆ ಇಲ್ಲಿ ಯುದ್ಧ ಕಡಿಮೆ, ಅದು ನಿಜ. ಆದರೆ ನಿಂಜಾ ಅಂದರೆ ಬಚ್ಚಿಟ್ಟುಕೊಳ್ಳುವವನು, ವೇಷ ಹಾಕುವವನು ತಾನೇ. 1676ರಲ್ಲಿ ಸಂಗ್ರಹವಾದ ‘ಬನ್ಸೆನ್‌ಶುಕಾಯ್’ ಎಂಬ ನಿಂಜಾ ವಿದ್ಯೆಯ ಗ್ರಂಥದಲ್ಲಿ, ಗಂಡಸರು ನುಗ್ಗಲಾಗದ ಕಡೆ ಹೆಂಗಸರನ್ನು ಕಳಿಸಿ ಕೆಲಸ ಸಾಧಿಸುವ ಉಪಾಯವೂ ಬರುತ್ತದೆ. ವೇಷ ಹಾಕುವುದೇ ಕಸುಬಾದ ಮನೆತನದ ಹುಡುಗನಿಗೆ ಕಳಚಲಾಗದ ವೇಷ ಬಂದರೆ ಏನಾಗುತ್ತದೆ ಅನ್ನುವುದೇ ಈ ಕಥೆ. ಹಾಗೆ ಓದಿದರೆ ಸ್ಕೂಲಿನ ದೃಶ್ಯಗಳೂ ನಿಂಜಾ ದೃಶ್ಯಗಳೇ.

ಚಿತ್ರಗಳ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಯಬುಕಿ 1990ರ ದಶಕದ ಕೊನೆಯಿಂದ ಜಂಪ್‌ನಲ್ಲಿ ಬರೆಯುತ್ತಾ ಬಂದವರು, ಕೈ ಪಳಗಿದೆ. ಶಿರೊಗಾನೆಯನ್ನೇ ನೋಡಿ. ಒಂದು ಚೌಕದಲ್ಲಿ ಗುಂಡಗೆ, ಮುದ್ದಾಗಿ, ಮನೆಯಲ್ಲಿ ಸಾಕಿದ ಬೆಕ್ಕಿನ ಹಾಗೆ ಕೂತಿರುತ್ತಾನೆ, ಗೆರೆಗಳು ನಾಲ್ಕೋ ಐದೋ ಅಷ್ಟೇ. ಪಕ್ಕದ ಚೌಕದಲ್ಲಿ ಅದೇ ಮುಖ, ಆದರೆ ಕಣ್ಣಿನ ಸುತ್ತ ನೆರಳು ಬಂದು, ಬಾಯಿ ಸ್ವಲ್ಪ ಅಗಲವಾಗಿ, ಇವನು ಸುಜುವನ್ನು ತಿನ್ನಲು ಬಂದವನು ಅನ್ನುವುದು ನೆನಪಾಗುತ್ತದೆ. ಒಂದು ಮಾತೂ ಇಲ್ಲದೆ. ಗಾಳಿಯ ವಿದ್ಯೆಯನ್ನು ತೋರಿಸುವ ಪುಟಗಳೂ ಹಾಗೇ: ಗಾಳಿ ಕಾಣುವ ವಸ್ತುವಲ್ಲ, ಅದನ್ನು ಕೂದಲಿನಲ್ಲಿ, ಬಟ್ಟೆಯ ಅಂಚಿನಲ್ಲಿ, ಹಾರುವ ಎಲೆಯಲ್ಲಿ ತೋರಿಸುತ್ತಾರೆ, ಯಾವ ಕಡೆಯಿಂದ ಬೀಸಿ ಯಾವ ಕಡೆ ಹೋಯಿತು ಅಂತ ಬೆರಳಿಟ್ಟು ಹೇಳಬಹುದು. ಚಿತ್ರಕಾರ ಭೂತ ಗರಾಕು ಬರುವ ಭಾಗ ಬಂದಾಗ ನಿಧಾನ ಓದಿ. ಚಿತ್ರ ಬಿಡಿಸುವವನ ಹುಚ್ಚು ಎಂಥದ್ದು ಅಂತ ಇನ್ನೊಬ್ಬ ಚಿತ್ರಕಾರನೇ ಹೇಳುವಾಗ ಅದರ ತೂಕವೇ ಬೇರೆ.

ಇನ್ನು ನನ್ನ ಸಿಟ್ಟು. ಬಟ್ಟೆ ಜಾರುವ, ಹರಿಯುವ, ಒದ್ದೆಯಾಗುವ ದೃಶ್ಯಗಳು ತುಂಬಾ ತುಂಬಾ ಜಾಸ್ತಿ. ಪಾತ್ರಗಳು ಹೈಸ್ಕೂಲಿಗೆ ಹೋಗುವ ಮಕ್ಕಳು. ಅವರನ್ನು ಹೀಗೆ ತೋರಿಸುವುದು ನನಗೆ ಒಂದು ಚೂರೂ ಹಿಡಿಸುವುದಿಲ್ಲ, ‘ಈ ಜಾತಿಯ ಮಂಗಾ ಅಂದರೆ ಹಾಗೇ’ ಅನ್ನುವ ಸಮಾಧಾನವನ್ನೂ ನಾನು ಒಪ್ಪಲ್ಲ. ಸಾಕಿ ಹಸೆಮಿ ಬರೆದು ಯಬುಕಿ ಚಿತ್ರ ಬಿಡಿಸಿದ ‘ಟು ಲವ್ ರು’ ಗೆದ್ದದ್ದು ಇಂಥ ದೃಶ್ಯಗಳಿಂದಲೇ, ಆ ಓದುಗರನ್ನು ಉಳಿಸಿಕೊಳ್ಳುವ ಆಸೆ ಇಲ್ಲೂ ಕಾಣುತ್ತದೆ. ಇದರಿಂದ ಕಥೆಗೇ ಪೆಟ್ಟು ಬೀಳುತ್ತದೆ. ಮತ್ಸುರಿ ತನ್ನ ದೇಹದ ಬಗ್ಗೆ ಗಂಭೀರವಾಗಿ ಯೋಚಿಸುತ್ತಿರುವ ಒಂದು ಪುಟ ಬರುತ್ತದೆ, ಮುಂದಿನ ಪುಟದಲ್ಲೇ ಆ ದೇಹವನ್ನು ಪ್ರದರ್ಶನಕ್ಕೆ ಇಟ್ಟಿರುತ್ತಾರೆ. ಈಗ ತಾನೇ ಹೇಳಿದ ಮಾತನ್ನು ಲೇಖಕರೇ ನಂಬಲಿಲ್ಲವೇನೋ ಅನ್ನಿಸುತ್ತದೆ. ಒಳ್ಳೆ ಪಾಯಸದಲ್ಲಿ ಕಲ್ಲು ಸಿಕ್ಕ ಹಾಗೆ.

2022ರಲ್ಲಿ ಕಥೆ ಅಚ್ಚಿನ ಜಂಪ್ ಬಿಟ್ಟು ಅದೇ ಸಂಸ್ಥೆಯ ಡಿಜಿಟಲ್ ವೇದಿಕೆ ಶೋನೆನ್ ಜಂಪ್ ಪ್ಲಸ್‌ಗೆ ಹೋಯಿತು. ಓದುಗರಲ್ಲಿ ಇದರ ಬಗ್ಗೆ ಎರಡು ಮಾತಿದೆ. ಅಲ್ಲಿ ಕಟ್ಟುಪಾಡು ಸಡಿಲ, ಲೇಖಕರಿಗೆ ಕೈಬಿಚ್ಚಿ ಬರೆಯಲು ಆಯಿತು ಅನ್ನುವವರಿದ್ದಾರೆ. ನನಗಂತೂ ಆ ಸಡಿಲಿಕೆ ಕಥೆಗೆ ಸಿಗದೆ ಬಟ್ಟೆಗೇ ಸಿಕ್ಕಿತು ಅನ್ನಿಸಿತು. ಆದರೂ ಕೊನೆಯ ಸಂಪುಟಗಳಲ್ಲಿ ಯಬುಕಿ ಮತ್ತೆ ಮತ್ಸುರಿ, ಸುಜು ಕಡೆ ತಿರುಗುತ್ತಾರೆ. ಕೊನೆ ಏನು ಅಂತ ಹೇಳಲ್ಲ. ಎತ್ತಿದ ಪ್ರಶ್ನೆಯಿಂದ ಅವರು ಓಡಿಹೋಗಿಲ್ಲ ಅಂತ ಮಾತ್ರ ಹೇಳುತ್ತೇನೆ.

ಕೊಳ್ಳುವವರಿಗೆ ಒಂದಷ್ಟು. ಇಂಗ್ಲಿಷ್ ಆವೃತ್ತಿಯನ್ನು ಸೆವೆನ್ ಸೀಸ್ ಸಂಸ್ಥೆ ತನ್ನ ಗೋಸ್ಟ್ ಶಿಪ್ ಹೆಸರಿನಡಿ ತರುತ್ತದೆ, ಅದು ದೊಡ್ಡವರ ಪುಸ್ತಕಗಳಿಗೇ ಇಟ್ಟ ಹೆಸರು. ಹಾಗಾಗಿ ನಿಂಜಾ ಇದೆ, ಬೆಕ್ಕು ಇದೆ ಅಂತ ಮುಖಪುಟ ನೋಡಿ ಮಕ್ಕಳಿಗೆ ಉಡುಗೊರೆ ಕೊಡಬೇಡಿ, ದಯವಿಟ್ಟು. ಟಿವಿಯಲ್ಲಿ ‘ನಿಂಜಾ ಹತ್ತೋರಿ’ ಕಾರ್ಟೂನ್ ನೋಡುವ ಮಗುವಿಗೆ ಇದು ಖಂಡಿತ ಅಲ್ಲ. ಇಲ್ಲಿ ಕಾಗದದ ಪ್ರತಿ ಆಮದಾಗಿ ಬರುತ್ತದೆ, ದುಬಾರಿ. ನಾನು ಒಂದು ಆನ್‌ಲೈನ್ ಅಂಗಡಿಯಿಂದ ತರಿಸಿದಾಗ ಮೂಲೆ ಮಡಚಿ, ಬೆನ್ನು ಸೀಳಿ ಬಂತು, ಬದಲಾಯಿಸಿ ಕೊಡಲು ವಾರಗಟ್ಟಲೆ ಸತಾಯಿಸಿದರು. ಆಮೇಲೆ ಇ-ಪುಸ್ತಕಕ್ಕೆ ಬದಲಾದೆ. ಟ್ಯಾಬ್‌ನಲ್ಲಿ ಓದುವುದಾದರೆ ಅಡ್ಡ ಹಿಡಿದು ಎರಡು ಪುಟ ಒಟ್ಟಿಗೆ ಕಾಣುವ ಹಾಗೆ ಇಟ್ಟುಕೊಳ್ಳಿ. ಎರಡು ಪುಟ ತುಂಬಾ ಹರಡಿದ ಚಿತ್ರಗಳು ಇದರಲ್ಲಿ ಸುಮಾರಿವೆ, ಫೋನಿನಲ್ಲಿ ಅವು ಅರ್ಧಕ್ಕೆ ತುಂಡಾಗುತ್ತವೆ. ಬಲದಿಂದ ಎಡಕ್ಕೆ ಓದುವುದು ಅಭ್ಯಾಸ ಇಲ್ಲದವರಿಗೆ ಒಂದು ಅಧ್ಯಾಯ ಕಳೆಯುವಷ್ಟರಲ್ಲಿ ರೂಢಿಯಾಗುತ್ತದೆ.

ಇದರ ಅನಿಮೆ, ಅಂದರೆ ಟಿವಿಯ ಕಾರ್ಟೂನ್ ರೂಪ, 2023ರ ಜನವರಿಯಲ್ಲಿ ಶುರುವಾಗಿ, ಕೋವಿಡ್ ಕಾರಣಕ್ಕೆ ನಡುವೆ ನಿಂತು, ಅದೇ ವರ್ಷ ಜುಲೈನಲ್ಲಿ ಮತ್ತೆ ಬಂತು. ದನಿ ಕೊಟ್ಟವರು ಚೆನ್ನಾಗಿ ಮಾಡಿದ್ದಾರೆ, ಆದರೆ ಯಬುಕಿಯ ಗೆರೆ ಅದರಲ್ಲಿ ಇಲ್ಲ. ಮೊದಲು ಅದನ್ನು ನೋಡಿ ಬೇಡ ಅಂತ ತೀರ್ಮಾನಿಸಬೇಡಿ. ಮೊದಲ ಸಂಪುಟ ಒಂದನ್ನೇ ತಗೊಳ್ಳಿ, ಪೂರ್ತಿ ಓದಿ. ಅಷ್ಟರೊಳಗೆ ಸುಜು ಮೇಲೆ ನಿಮಗೆ ಅಕ್ಕರೆ ಹುಟ್ಟದಿದ್ದರೆ ಉಳಿದದ್ದಕ್ಕೆ ದುಡ್ಡು ಹಾಕಬೇಡಿ.