ವಿಜಯಾ ಔಷಧವೋ, ಹೆಂಪ್ ಬೀಜದ ಎಣ್ಣೆಯೋ?

ದಾವಣಗೆರೆಯಲ್ಲಿ ಮಂಡಿನೋವಿಗೋ ನಿದ್ದೆಗೋ ಇವೆರಡರಲ್ಲಿ ಒಂದನ್ನು ಆರಿಸುವವರು ಮೊದಲು ತಿಳಿಯಬೇಕಾದ್ದು: ಎರಡರ ಗಿಡವೂ ಒಂದೇ, ಭಂಗಿ ಅಥವಾ ಗಾಂಜಾ ಗಿಡ; ಕಾನೂನು ಬೇರೆ.

ಬೀಜದ ಎಣ್ಣೆ ಆಹಾರ. 2021ರ ಆಹಾರ ಸುರಕ್ಷತಾ ನಿಯಮದಂತೆ ಕಿಲೋ ಎಣ್ಣೆಯಲ್ಲಿ ಟಿಎಚ್‌ಸಿ (ಅಮಲು ತರುವ ಅಂಶ) 10 ಮಿಲಿಗ್ರಾಂ ಮೀರುವಂತಿಲ್ಲ. ವೈದ್ಯರ ಚೀಟಿ ಬೇಡ, ಅಮಲೂ ಇಲ್ಲ. ನೋವಿಗೆಂದು ದುಡ್ಡು ಸುರಿಯುವುದು ಮಾತ್ರ ವ್ಯರ್ಥ. ಚಟ್ನಿಪುಡಿಗೆ ಕಲಸಿಕೊಳ್ಳಿ, ಒಗ್ಗರಣೆಗೆ ಕಾಯಿಸಬೇಡಿ, ಬೇಗ ಸೀಯುತ್ತದೆ.

ವಿಜಯಾ ಎಂದರೆ ಭಂಗಿ ಎಲೆಯ ಆಯುರ್ವೇದ ಔಷಧ. ಔಷಧ ನಿಯಮಗಳ ಇ(1) ಅನುಸೂಚಿಯ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕೆಂಬ ಎಚ್ಚರಿಕೆ ಲೇಬಲ್ ಮೇಲಿರಬೇಕು. ಆಯುಷ್ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ನೋಡಿ. ಚೀಟಿ, ಬಿಲ್ಲು ಜೊತೆಗಿರಲಿ. ತೂಕಡಿಕೆ ಬರುತ್ತದೆ, ಈ ಔಷಧ ಸೇವಿಸಿ ಚಿತ್ರದುರ್ಗದ ಹೆದ್ದಾರಿಗೆ ಬೈಕ್ ಇಳಿಸಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತಗೊಳ್ಳುವವರು, ಗರ್ಭಿಣಿಯರು, ಮನೋರೋಗದ ಇತಿಹಾಸವಿದ್ದವರು ದೂರವಿರುವುದೇ ಲೇಸು. ಮಾದಕ ದ್ರವ್ಯದ ಮೂತ್ರ ಪರೀಕ್ಷೆಯಲ್ಲೂ ಸಿಕ್ಕಿಬೀಳಬಹುದು.

1985ರ ಎನ್‌ಡಿಪಿಎಸ್ (ಮಾದಕ ದ್ರವ್ಯ ನಿಯಂತ್ರಣ) ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ಹೂತುದಿಯಿಲ್ಲದ ಎಲೆ, ಬೀಜ ಸೇರುವುದಿಲ್ಲ. ಎಲೆಯ ನಿಯಂತ್ರಣ ರಾಜ್ಯಗಳದ್ದು. ಹಾಗಂತ ಮೆಕ್ಕೆಜೋಳದ ನಡುವೆ ಗಿಡ ಬೆಳೆಸಿದರೆ 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಮದ್ದಿಗೆಂದು ಬೆಳೆಸಿದೆ ಎಂಬ ನೆಪ ನಡೆಯದು.